ಬಾಂಡ್ ತೀರ್ಪಿನಲ್ಲಿ ಮಾಲೀಕರು ಓದದೆ ಬಿಟ್ಟದ್ದು

2025ರ ಮೇ 14ರಂದು ಸುಪ್ರೀಂ ಕೋರ್ಟು ವಿಜಯಾ ಬ್ಯಾಂಕಿನ ಪರವಾಗಿ ಒಂದು ತೀರ್ಪು ಕೊಟ್ಟಿತು. 1931ರಲ್ಲಿ ಮಂಗಳೂರಿನಲ್ಲಿ ಅತ್ತಾವರ ಬಾಲಕೃಷ್ಣ ಶೆಟ್ಟರ ಮುಂದಾಳತ್ವದಲ್ಲಿ ಹುಟ್ಟಿದ ಆ ಬ್ಯಾಂಕು ಅಷ್ಟು ಹೊತ್ತಿಗೆ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಗಿ ಆರು ವರ್ಷ ಕಳೆದಿತ್ತು. ಮೊಕದ್ದಮೆ ಮಾತ್ರ ಹಳೆಯ ಹೆಸರಿನಲ್ಲೇ ಉಳಿದಿತ್ತು. 2007ರಲ್ಲಿ ಸೀನಿಯರ್ ಮ್ಯಾನೇಜರ್ ಹುದ್ದೆಗೆ ಸೇರಿದ ಅಧಿಕಾರಿಯೊಬ್ಬರು ಕನಿಷ್ಠ ಮೂರು ವರ್ಷ ಕೆಲಸ ಮಾಡುತ್ತೇನೆ, ತಪ್ಪಿದರೆ ಎರಡು ಲಕ್ಷ ರೂಪಾಯಿ ಕಟ್ಟುತ್ತೇನೆ ಎಂದು ಬಾಂಡ್ ಬರೆದುಕೊಟ್ಟಿದ್ದರು. 2009ರ ಜುಲೈನಲ್ಲಿ ಬೇರೆ ಬ್ಯಾಂಕಿನ ಕೆಲಸಕ್ಕಾಗಿ ರಾಜೀನಾಮೆ ಕೊಟ್ಟರು. ದುಡ್ಡನ್ನು ಆಕ್ಷೇಪದೊಂದಿಗೇ ಕಟ್ಟಿ, ಅದನ್ನು ವಾಪಸ್ ಕೊಡಿಸಿ ಎಂದು ಕರ್ನಾಟಕ ಹೈಕೋರ್ಟಿನ ಬಾಗಿಲು ತಟ್ಟಿದರು. ಏಕಸದಸ್ಯ ಪೀಠದಲ್ಲಿ ಗೆದ್ದರು, ವಿಭಾಗೀಯ ಪೀಠದಲ್ಲೂ ಗೆದ್ದರು. ಸುಪ್ರೀಂ ಕೋರ್ಟಿನಲ್ಲಿ ಸೋತರು.

‘ಬಾಂಡ್ ಕಾನೂನುಬದ್ಧ’ ಎಂಬ ಎರಡು ಪದಗಳಷ್ಟೇ ಆ ತೀರ್ಪಿನಿಂದ ಹೊರಬಂದು ಊರೂರು ಸುತ್ತಿದವು. ನರ್ಸಿಂಗ್ ಹೋಮ್, ಖಾಸಗಿ ಶಾಲೆ, ಟ್ಯಾಲಿ ಕಲಿಸಿ ಕೆಲಸ ಕೊಡುವ ಸಣ್ಣ ಸಂಸ್ಥೆ, ಹತ್ತು ಜನರ ಸಾಫ್ಟ್‌ವೇರ್ ಕಂಪನಿ, ಎಲ್ಲರೂ ಇದು ತಮಗೇ ಸಿಕ್ಕ ಜಯವೆಂದು ಭಾವಿಸಿದರು. ತೀರ್ಪನ್ನು ಪೂರ್ತಿ ಓದಿದವರಿಗೆ ಕಾಣುವ ಚಿತ್ರ ಬೇರೆ. ನ್ಯಾಯಮೂರ್ತಿ ಪಿ.ಎಸ್. ನರಸಿಂಹ ಮತ್ತು ನ್ಯಾಯಮೂರ್ತಿ ಜೋಯ್‌ಮಾಲ್ಯ ಬಾಗ್ಚಿ ಅವರ ಪೀಠ ಬ್ಯಾಂಕನ್ನು ಗೆಲ್ಲಿಸುವ ಮುನ್ನ ಮೂರು ಮಾತುಗಳನ್ನು ನೆಲೆಗೊಳಿಸಿದೆ. ಒಂದು ಕಡೆಯವರೇ ಸಿದ್ಧಪಡಿಸಿ, ಇನ್ನೊಂದು ಕಡೆಯವರು ಸಹಿ ಹಾಕಲೇಬೇಕಾದ ಅಚ್ಚಿನ ಒಪ್ಪಂದವೆಂದರೆ, ಇಬ್ಬರ ಚೌಕಾಸಿ ಬಲ ಸಮವಲ್ಲ ಎಂಬುದಕ್ಕೆ ಅದೇ ಮೇಲ್ನೋಟದ ಸಾಕ್ಷಿ. ದುರ್ಬಲ ಪಕ್ಷ ತಕರಾರು ಎತ್ತಿದರೆ ನ್ಯಾಯಾಲಯ ಆ ಅಸಮಾನತೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಅದನ್ನು ಪರಿಶೀಲಿಸಬೇಕು. ಮೂರನೆಯದು ಮಾಲೀಕರಿಗೆ ಎಲ್ಲಕ್ಕಿಂತ ಮುಖ್ಯ: ನಿರ್ಬಂಧದ ಷರತ್ತು ನ್ಯಾಯವಾದ ಉದ್ಯೋಗಕ್ಕೆ ತಡೆಯಲ್ಲ, ಸಾರ್ವಜನಿಕ ನೀತಿಗೆ ವಿರುದ್ಧವಲ್ಲ ಎಂದು ರುಜುವಾತು ಮಾಡುವ ಹೊಣೆ ಮಾಲೀಕನದು, ನೌಕರನದಲ್ಲ.

ಬ್ಯಾಂಕು ಆ ಹೊಣೆಯನ್ನು ನಿಭಾಯಿಸಿತು. ಸಾರ್ವಜನಿಕ ವಲಯದ ಬ್ಯಾಂಕು ಬೇಕಾದವರನ್ನು ಕರೆದು ಕುರ್ಚಿಯಲ್ಲಿ ಕೂರಿಸುವಂತಿಲ್ಲ. ಸಂವಿಧಾನದ ಸಮಾನತೆಯ ವಿಧಿಗಳಿಗೆ ಬದ್ಧವಾಗಿ ಜಾಹೀರಾತು ಕೊಟ್ಟು, ಮುಕ್ತ ಆಯ್ಕೆ ನಡೆಸಬೇಕು. ನಡುವೆ ಒಬ್ಬರು ಬಿಟ್ಟುಹೋದರೆ ಅಷ್ಟೂ ಖರ್ಚು ಮತ್ತೊಮ್ಮೆ. ಜೊತೆಗೆ, ಆ ದರ್ಜೆಯ ಅಧಿಕಾರಿಯ ಸಂಬಳದ ಮುಂದೆ ಎರಡು ಲಕ್ಷ ವಿಪರೀತವೆನಿಸುವ ಮೊತ್ತವೂ ಅಲ್ಲ, ರಾಜೀನಾಮೆಯನ್ನೇ ಅಸಾಧ್ಯವಾಗಿಸುವ ಮೊತ್ತವೂ ಅಲ್ಲ ಎಂದು ಪೀಠ ಕಂಡಿತು. ಈಗ ಇದೇ ವಾದವನ್ನು ದಾವಣಗೆರೆಯ ಒಂದು ಖಾಸಗಿ ನರ್ಸಿಂಗ್ ಹೋಮ್ ಎರವಲು ಪಡೆಯಬಹುದೇ? ಮುಕ್ತ ನೇಮಕಾತಿಯ ಬದ್ಧತೆ ಅದಕ್ಕಿಲ್ಲ. ಹದಿನೈದು ಸಾವಿರ ಸಂಬಳದ ನರ್ಸ್‌ಗೆ ಎರಡು ಲಕ್ಷವೆಂದರೆ ವರ್ಷದ ಸಂಬಳಕ್ಕಿಂತ ಹೆಚ್ಚು. ಷರತ್ತು ಒಂದೇ ಇರಬಹುದು, ಅದನ್ನು ಎತ್ತಿಹಿಡಿದ ಕಾರಣಗಳು ಇಲ್ಲಿಲ್ಲ.

ಮಾಲೀಕರ ಭಯ ಸುಳ್ಳೆಂದು ನಾನು ಹೇಳುವುದಿಲ್ಲ. ಪೀಣ್ಯದ ಮಷೀನ್ ಶಾಪಿನಲ್ಲೋ ಬೆಳಗಾವಿಯ ಫೌಂಡ್ರಿಯಲ್ಲೋ ಒಬ್ಬ ಹುಡುಗನಿಗೆ ಕೆಲಸ ಕಲಿಸಲು ಆರು ತಿಂಗಳು ಬೇಕು. ಆ ಆರು ತಿಂಗಳಲ್ಲಿ ಹಾಳಾಗುವ ಕಚ್ಚಾವಸ್ತುವಿನ ಲೆಕ್ಕ ಯಾವ ಪುಸ್ತಕದಲ್ಲೂ ಇರುವುದಿಲ್ಲ. ಕೈ ಪಳಗಿದ ಮೇಲೆ ಮೂರು ಸಾವಿರ ಹೆಚ್ಚಿಗೆ ಕೊಡುವ ಪಕ್ಕದ ಶೆಡ್ಡಿಗೆ ಅವನು ಹೋದರೆ ಹೊಟ್ಟೆಯುರಿಯುವುದು ಸಹಜ. ಆದರೆ ಹೊಟ್ಟೆಯುರಿ ಆರಲೆಂದು ಬರೆದ ಷರತ್ತು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಆಗಿರುವ ನಷ್ಟವನ್ನು ಅಳೆದು ಬರೆದದ್ದು ನಿಲ್ಲುತ್ತದೆ.

ಅದಕ್ಕೆ ಆಧಾರ 1872ರ ಭಾರತೀಯ ಕರಾರು ಕಾಯ್ದೆಯ ಸೆಕ್ಷನ್ 74. ಒಪ್ಪಂದದಲ್ಲಿ ಎಷ್ಟೇ ಮೊತ್ತ ನಮೂದಿಸಿದ್ದರೂ ನ್ಯಾಯಾಲಯ ಕೊಡಿಸುವುದು ‘ಯುಕ್ತ ಪರಿಹಾರ’ವನ್ನು ಮಾತ್ರ; ನಮೂದಿಸಿದ ಮೊತ್ತ ಅದರ ಮೇಲ್ಮಿತಿಯಷ್ಟೇ. 1963ರ ಫತೇಚಂದ್ ಪ್ರಕರಣದಿಂದ 2015ರ ಕೈಲಾಸನಾಥ್ ಪ್ರಕರಣದವರೆಗೆ ಸುಪ್ರೀಂ ಕೋರ್ಟಿನ ಧೋರಣೆ ಇದೇ. ಹಾಗಾಗಿ ಬಾಂಡ್ ಬರೆಸುವ ಮುನ್ನ ಮಾಲೀಕರು ಕೇಳಿಕೊಳ್ಳಬೇಕಾದ ಪ್ರಶ್ನೆ: ಈ ವ್ಯಕ್ತಿಯ ತರಬೇತಿಗೆ ನಾನು ನಿಜವಾಗಿ ಏನು ಖರ್ಚು ಮಾಡಿದೆ? ಹೊರಗಿನ ಸಂಸ್ಥೆಗೆ ಕಟ್ಟಿದ ಶುಲ್ಕ, ಪ್ರಯಾಣ, ವಸತಿ, ತರಬೇತಿಯ ಅವಧಿಯಲ್ಲಿ ಕೊಟ್ಟ ಸ್ಟೈಪೆಂಡ್, ಇವುಗಳ ರಸೀದಿ ಇದೆಯೇ? ಇದ್ದರೆ ಆ ಮೊತ್ತವನ್ನೇ ಬರೆಯಿರಿ. ಸೇವೆ ಮುಂದುವರಿದಂತೆ ಅದು ತಿಂಗಳು ತಿಂಗಳು ಇಳಿಯುತ್ತ ಹೋಗಲಿ. ಅರವತ್ತು ಸಾವಿರ ಖರ್ಚಾಗಿ, ಎರಡು ವರ್ಷದ ಕರಾರಿನಲ್ಲಿ ಒಂದು ವರ್ಷ ದುಡಿದು ಹೋದವನಿಂದ ಮೂವತ್ತು ಸಾವಿರ ಕೇಳುವ ಮಾಲೀಕನನ್ನು ಯಾವ ನ್ಯಾಯಾಧೀಶರೂ ಗದರಿಸುವುದಿಲ್ಲ. ‘ಐದು ಲಕ್ಷ ದಂಡ’ ಎಂದು ಬರೆಸಿಕೊಂಡು, ಕೊಟ್ಟ ತರಬೇತಿಯೇನು ಎಂದು ಕೇಳಿದರೆ ತಡವರಿಸುವ ಮಾಲೀಕನಿಗೆ ಬರಿಗೈಯೇ ಗತಿಯಾಗಬಹುದು.

ಇನ್ನು ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುವ ರೂಢಿ. ಶಾಲೆಗಳಲ್ಲಿ, ನರ್ಸಿಂಗ್ ಹೋಮ್‌ಗಳಲ್ಲಿ, ಸಣ್ಣ ಕಂಪನಿಗಳಲ್ಲಿ ಇದು ಎಷ್ಟು ಸಾಮಾನ್ಯವಾಗಿದೆಯೆಂದರೆ ಕೊಡುವವರೂ ಪ್ರಶ್ನಿಸುವುದಿಲ್ಲ. ಒಬ್ಬರ ಸ್ವತ್ತನ್ನು ಬಾಕಿಗಾಗಿ ತಡೆಹಿಡಿಯುವ ಸಾಮಾನ್ಯ ಹಕ್ಕು ಯಾರಿಗಿದೆಯೆಂದು ಕರಾರು ಕಾಯ್ದೆಯ ಸೆಕ್ಷನ್ 171 ಹೆಸರಿಸುತ್ತದೆ: ಬ್ಯಾಂಕರುಗಳು, ಸರಕು ಮಾರಾಟದ ಏಜೆಂಟರು, ಬಂದರು ಕಟ್ಟೆಯವರು, ಹೈಕೋರ್ಟಿನ ಅಟಾರ್ನಿಗಳು, ವಿಮಾ ಪಾಲಿಸಿಯ ದಲ್ಲಾಳಿಗಳು. ಆ ಪಟ್ಟಿಯಲ್ಲಿ ಉದ್ಯೋಗದಾತ ಇಲ್ಲ. ಸ್ಪಷ್ಟ ಒಪ್ಪಂದವಿದ್ದರೆ ಬೇರೆ ಮಾತು ಎನ್ನುತ್ತದೆ ಅದೇ ಸೆಕ್ಷನ್. ಆದರೆ 2000ದಲ್ಲಿ, ಶುಲ್ಕ ಬಾಕಿಯಿದೆಯೆಂದು ಕಕ್ಷಿದಾರರ ಕಡತಗಳನ್ನು ಹಿಡಿದಿಟ್ಟುಕೊಂಡ ವಕೀಲರೊಬ್ಬರ ಪ್ರಕರಣದಲ್ಲಿ, ಮಾರಿದರೆ ಬೆಲೆ ಬಾರದ ಇಂಥ ಕಾಗದಗಳು ಒತ್ತೆಯಿಡಬಹುದಾದ ‘ಸರಕು’ ಅಲ್ಲ ಎಂದು ಸುಪ್ರೀಂ ಕೋರ್ಟು ಹೇಳಿದೆ. ಮಾರ್ಕ್ಸ್ ಕಾರ್ಡಿಗೂ ಅದೇ ತರ್ಕ ಒಪ್ಪುತ್ತದೆಂಬುದು ನನ್ನ ಅಭಿಪ್ರಾಯ. ಒಬ್ಬ ಹೆಣ್ಣುಮಗಳ ಬಿ.ಎಡ್. ಪ್ರಮಾಣಪತ್ರವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಮಾಲೀಕನಿಗೆ ಒಂದು ಪೈಸೆಯೂ ಹುಟ್ಟುವುದಿಲ್ಲ, ಅವಳಿಗೆ ಮುಂದಿನ ಕೆಲಸ ತಪ್ಪುತ್ತದೆ. ಪರಿಶೀಲನೆಗೆ ಮೂಲ ಪ್ರತಿ ನೋಡಿ, ನಕಲು ಇಟ್ಟುಕೊಂಡು, ಅಂದೇ ವಾಪಸ್ ಕೊಡುವುದೊಂದೇ ಸರಿ.

ಕೆಲಸ ಬಿಡದಂತೆ ಬಲವಂತ ಮಾಡಲು ಕಾನೂನಿನಲ್ಲಿ ದಾರಿಯೇ ಇಲ್ಲ. ವೈಯಕ್ತಿಕ ಸೇವೆಯ ಒಪ್ಪಂದವನ್ನು ನ್ಯಾಯಾಲಯ ಬಲವಂತದಿಂದ ನೆರವೇರಿಸುವುದಿಲ್ಲವೆಂಬುದು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ ಮೂಲ ತತ್ವ. ಹಿಂದೆ ಹಾಗಿರಲಿಲ್ಲ. ಮುಂಗಡ ಪಡೆದು ಕೆಲಸ ಬಿಟ್ಟ ಕೂಲಿಯನ್ನು ಜೈಲಿಗೆ ಹಾಕುವ ಕಾಯ್ದೆಯೊಂದನ್ನು ಬ್ರಿಟಿಷ್ ಸರ್ಕಾರ 1859ರಲ್ಲಿ ತಂದಿತ್ತು. ಕೊಡಗಿನ ಕಾಫಿ ತೋಟಗಳಲ್ಲೂ ಅದನ್ನು ಬಳಸಲಾಗುತ್ತಿತ್ತು. ಅದನ್ನು ರದ್ದುಪಡಿಸುವ ಕಾಯ್ದೆ ಬಂದದ್ದು 1925ರಲ್ಲಿ. ‘ಬಿಟ್ಟುಹೋದರೆ ಪೊಲೀಸ್ ಕೇಸ್ ಹಾಕುತ್ತೇವೆ’ ಎಂದು ಇಂದಿಗೂ ನೇಮಕ ಪತ್ರದಲ್ಲಿ ಬರೆಯುವವರಿದ್ದಾರೆ. ಸುಮ್ಮನೆ ಕೆಲಸ ಬಿಡುವುದು ಅಪರಾಧವಾಗಿದ್ದ ಕಾಲ ಮುಗಿದು ಸುಮಾರು ನೂರು ವರ್ಷವಾಗಿದೆ.

ಬಾಂಡಿನ ಪಕ್ಕದಲ್ಲೇ ಕೂತಿರುವ ಇನ್ನೊಂದು ಷರತ್ತು, ಕೆಲಸ ಬಿಟ್ಟ ಮೇಲೂ ಪ್ರತಿಸ್ಪರ್ಧಿಯ ಬಳಿ ಸೇರಬಾರದೆಂಬುದು. ವಿಜಯಾ ಬ್ಯಾಂಕ್ ತೀರ್ಪು ನಿಂತಿರುವುದೇ ಈ ಎರಡರ ವ್ಯತ್ಯಾಸದ ಮೇಲೆ. ಸೇವೆಯ ಅವಧಿಯೊಳಗಿನ ಕಟ್ಟುಪಾಡು ಬೇರೆ, ಸೇವೆ ಮುಗಿದ ಮೇಲಿನದು ಬೇರೆ. ಕಲ್ಯಾಣದ ಟೈರ್‌ಕಾರ್ಡ್ ಕಾರ್ಖಾನೆಯಲ್ಲಿ ಐದು ವರ್ಷದ ಕರಾರಿಗೆ ಸೇರಿ, ವಿದೇಶಿ ತಂತ್ರಜ್ಞಾನದ ತರಬೇತಿ ಪಡೆದು, ನಡುವೆಯೇ ಕೋಟಾದ ಪ್ರತಿಸ್ಪರ್ಧಿ ಕಂಪನಿಗೆ ಹೋದ ನೌಕರನನ್ನು 1967ರಲ್ಲಿ ಸುಪ್ರೀಂ ಕೋರ್ಟು ತಡೆಯಿತು. ಉಳಿದ ಕರಾರಿನ ಅವಧಿಗೆ ಮಾತ್ರ. ಕ್ರಿಕೆಟಿಗ ಜಹೀರ್ ಖಾನ್ ಅವರ ವಿಷಯದಲ್ಲಿ ಆದದ್ದು ತದ್ವಿರುದ್ಧ. ಅವರ ಪ್ರಚಾರ ಒಪ್ಪಂದಗಳನ್ನು ನೋಡಿಕೊಳ್ಳುತ್ತಿದ್ದ ಸಂಸ್ಥೆ, ಮೂರು ವರ್ಷದ ಕರಾರು ಮುಗಿದ ಮೇಲೂ ಹೊಸ ಅವಕಾಶಗಳನ್ನು ಮೊದಲು ತನಗೇ ಕೊಡಬೇಕೆಂದು ಪಟ್ಟುಹಿಡಿಯಿತು. ಕರಾರು ಮುಗಿದ ನಂತರ ಚಾಚಿಕೊಳ್ಳುವ ನಿರ್ಬಂಧ ಸೆಕ್ಷನ್ 27ರಡಿ ಅನೂರ್ಜಿತವೆಂದು 2006ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಅದು ಉದ್ಯೋಗದ ಒಪ್ಪಂದವಲ್ಲ, ಆದರೆ ತತ್ವ ಒಂದೇ.

ಸೆಕ್ಷನ್ 27 ಎಷ್ಟು ಗಟ್ಟಿಯೆಂಬುದನ್ನು ಮಾಲೀಕರು ಕಡೆಗಣಿಸುತ್ತಾರೆ. ಇಂಗ್ಲೆಂಡಿನಲ್ಲಿ ನಿರ್ಬಂಧ ‘ಯುಕ್ತ’ವಾಗಿದ್ದರೆ ನಡೆಯುತ್ತದೆ, ಇಲ್ಲಿ ಯುಕ್ತವೋ ಅಯುಕ್ತವೋ ಎಂಬ ಪ್ರಶ್ನೆಗೇ ಜಾಗವಿಲ್ಲ. 1874ರಲ್ಲೇ ಕಲ್ಕತ್ತಾ ಹೈಕೋರ್ಟು ಹೀಗೆ ಹೇಳಿತ್ತು: ಒಬ್ಬ ಅಂಗಡಿಕಾರ ಪೈಪೋಟಿ ತಾಳಲಾರದೆ ಇನ್ನೊಬ್ಬನಿಗೆ 900 ರೂಪಾಯಿ ಕೊಡುತ್ತೇನೆ, ಆ ಬೀದಿಯಲ್ಲಿ ವ್ಯಾಪಾರ ಮುಚ್ಚು ಎಂದು ಮಾಡಿಕೊಂಡ ಒಪ್ಪಂದ ಬರೀ ಒಂದು ಪ್ರದೇಶಕ್ಕೆ ಸೀಮಿತವಾಗಿದ್ದರೂ ನಿಲ್ಲಲಿಲ್ಲ. ಯುಕ್ತ ನಿರ್ಬಂಧಗಳಿಗೆ ಅವಕಾಶ ಕೊಡಿ ಎಂದು ಕಾನೂನು ಆಯೋಗ 1958ರ ತನ್ನ ಹದಿಮೂರನೆಯ ವರದಿಯಲ್ಲಿ ಶಿಫಾರಸು ಮಾಡಿತು. ಸಂಸತ್ತು ಆ ಸೆಕ್ಷನ್ ಅನ್ನು ಇಂದಿಗೂ ತಿದ್ದಿಲ್ಲ. ಹೀಗಿರುವಾಗ ‘ಕೆಲಸ ಬಿಟ್ಟ ಎರಡು ವರ್ಷ ಕರ್ನಾಟಕದಲ್ಲಿ ಎಲ್ಲೂ ಇದೇ ಕ್ಷೇತ್ರದಲ್ಲಿ ದುಡಿಯತಕ್ಕದ್ದಲ್ಲ’ ಎಂಬ ಸಾಲು ಹೆದರಿಕೆ ಹುಟ್ಟಿಸಲು ಮಾತ್ರ ಉಪಯೋಗ.

ಗ್ರಾಹಕರ ಪಟ್ಟಿ, ಬೆಲೆಯ ಸೂತ್ರ, ವಿನ್ಯಾಸದ ನಕ್ಷೆ, ಇವನ್ನು ಕಾಪಾಡಿಕೊಳ್ಳುವ ಹಕ್ಕು ಮಾಲೀಕರಿಗೆ ನಿಜಕ್ಕೂ ಇದೆ, ಸೇವೆ ಮುಗಿದ ನಂತರವೂ ಇದೆ. ವ್ಯಾಪಾರ ರಹಸ್ಯಕ್ಕೆ ನಮ್ಮಲ್ಲಿ ಪ್ರತ್ಯೇಕ ಕಾಯ್ದೆಯಿಲ್ಲದಿರುವುದರಿಂದ ಈ ರಕ್ಷಣೆ ಹೆಚ್ಚಾಗಿ ಒಪ್ಪಂದದ ಮಾತುಗಳ ಮೇಲೇ ನಿಂತಿದೆ. ಯಾವುದು ಗೋಪ್ಯ ಎಂದು ಹೆಸರಿಸಿ ಬರೆದ ಎರಡು ವಾಕ್ಯ, ‘ಸಂಸ್ಥೆಯ ಸಮಸ್ತ ಮಾಹಿತಿ’ ಎಂಬ ಎರಡು ಪುಟಕ್ಕಿಂತ ಬಲವಾದದ್ದು.

ಇಷ್ಟು ಹೊತ್ತು ಹೇಳಿದ್ದು ಒಪ್ಪಂದದಲ್ಲಿ ಬರೆಯಲಾಗದ್ದರ ಬಗ್ಗೆ. ಬರೆಯಲೇಬೇಕಾದ್ದೂ ಇದೆ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ಸೆಕ್ಷನ್ 6ಎ ಪ್ರಕಾರ ಕೆಲಸಕ್ಕೆ ಸೇರಿದ 30 ದಿನದೊಳಗೆ ಹೆಸರು, ಹುದ್ದೆ, ವೇತನ, ಸೇವಾ ಷರತ್ತುಗಳನ್ನು ಬರೆದ ನೇಮಕ ಆದೇಶ ಕೊಡಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳು ಇದನ್ನು ಇನ್ನಷ್ಟು ಹಿಗ್ಗಿಸಿವೆ. ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆಯ ಸೆಕ್ಷನ್ 6ರಂತೆ ಹತ್ತು ಮತ್ತು ಹೆಚ್ಚು ಕಾರ್ಮಿಕರಿರುವ ಸಂಸ್ಥೆ ಪ್ರತಿ ನೌಕರರಿಗೂ ನೇಮಕ ಪತ್ರ ಕೊಡಲೇಬೇಕು. ಮೊದಲಿನಿಂದ ಪತ್ರವಿಲ್ಲದೆ ದುಡಿಯುತ್ತಿರುವವರಿಗೆ ಸಂಹಿತೆ ಜಾರಿಯಾದ ಮೂರು ತಿಂಗಳೊಳಗೆ ಕೊಡಬೇಕು. ಹದಿನೈದು ವರ್ಷದಿಂದ ಲೆಕ್ಕ ಬರೆಯುತ್ತಿರುವ ಗುಮಾಸ್ತರಿಗೆ ಒಂದು ತುಂಡು ಕಾಗದವೂ ಕೊಡದ ಅಂಗಡಿಗಳು ನಮ್ಮ ಪ್ರತಿ ಪೇಟೆಯಲ್ಲೂ ಇವೆ. ಪತ್ರ ಕೊಡದಿದ್ದರೆ ಸಂಬಂಧವೇ ಸಾಬೀತಾಗುವುದಿಲ್ಲವೆಂಬ ಲೆಕ್ಕಾಚಾರ ಅದರ ಹಿಂದಿದೆ. ಆದರೆ ಹಾಜರಿ ಪುಸ್ತಕ, ಬ್ಯಾಂಕ್ ಖಾತೆಗೆ ಹೋದ ಸಂಬಳ, ವಾಟ್ಸಾಪ್‌ನಲ್ಲಿ ಕೊಟ್ಟ ಆದೇಶಗಳು ಎಲ್ಲವೂ ಸಾಕ್ಷ್ಯವೇ. ಕಾಗದವಿಲ್ಲದಾಗ ನಷ್ಟವಾಗುವುದು ಹೆಚ್ಚಾಗಿ ಮಾಲೀಕನಿಗೆ: ಪ್ರೊಬೇಷನ್ ಎಷ್ಟು ತಿಂಗಳು, ನೋಟಿಸ್ ಎಷ್ಟು ದಿನ ಎಂದು ತೋರಿಸಲು ಅವನ ಬಳಿ ಏನೂ ಇರುವುದಿಲ್ಲ.

ಸಂಬಳವನ್ನು ಹೇಗೆ ಒಡೆದು ಬರೆಯುತ್ತೀರೆಂಬುದಕ್ಕೂ ಈಗ ಹೊಸ ಲೆಕ್ಕ. ಪಿಎಫ್, ಗ್ರಾಚ್ಯುಟಿ ಕಡಿಮೆಯಾಗಲೆಂದು ಮೂಲ ವೇತನವನ್ನು ಕುಗ್ಗಿಸಿ ಮಿಕ್ಕಿದ್ದನ್ನೆಲ್ಲ ಭತ್ಯೆಯೆಂದು ತೋರಿಸುವುದು ಬಹುಕಾಲದ ಜಾಣ್ಮೆ. 2019ರ ವಿವೇಕಾನಂದ ವಿದ್ಯಾಮಂದಿರ ಪ್ರಕರಣದಲ್ಲೇ, ಎಲ್ಲರಿಗೂ ಸಾಮಾನ್ಯವಾಗಿ ಕೊಡುವ ಭತ್ಯೆಯನ್ನು ಪಿಎಫ್ ಲೆಕ್ಕದಿಂದ ಹೊರಗಿಡಲಾಗದೆಂದು ಸುಪ್ರೀಂ ಕೋರ್ಟು ಹೇಳಿತ್ತು. ವೇತನ ಸಂಹಿತೆ ಈಗ ಗೆರೆ ಎಳೆದಿದೆ: ಹೊರಗಿಡಬಹುದಾದ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದ ಭಾಗ ವೇತನವೇ ಆಗುತ್ತದೆ. ತಿಂಗಳಿಗೆ 30,000 ಕೊಟ್ಟು, 9,000 ಮೂಲ ವೇತನ, 21,000 ಭತ್ಯೆ ಎಂದು ಬರೆದಿದ್ದೀರಿ ಎನ್ನಿ. ಕಾನೂನಿನ ಕಣ್ಣಿಗೆ ವೇತನ 15,000. ವರ್ಷಕ್ಕೆ ಹದಿನೈದು ದಿನದ ವೇತನ, ಇಪ್ಪತ್ತಾರು ದಿನದ ತಿಂಗಳು ಎಂಬ ಗ್ರಾಚ್ಯುಟಿ ಸೂತ್ರದಂತೆ ಹತ್ತು ವರ್ಷ ದುಡಿದವರಿಗೆ ಹಳೆಯ ಲೆಕ್ಕದಲ್ಲಿ ಸುಮಾರು 51,900 ರೂಪಾಯಿ ಬರುತ್ತಿತ್ತು. ಈಗ ಸುಮಾರು 86,500. ನಿಶ್ಚಿತ ಅವಧಿಗೆ ನೇಮಕವಾದವರಿಗೆ ಐದು ವರ್ಷ ಕಾಯುವ ಮಾತೂ ಇಲ್ಲ, ಒಂದು ವರ್ಷ ಮುಗಿದರೆ ಗ್ರಾಚ್ಯುಟಿ ಸಲ್ಲುತ್ತದೆ. ಹನ್ನೊಂದು ತಿಂಗಳ ಕಾಂಟ್ರ್ಯಾಕ್ಟನ್ನು ಮತ್ತೆ ಮತ್ತೆ ನವೀಕರಿಸುವವರು ಇದನ್ನು ಗಮನಿಸಿ ಅವಧಿ ನಿಗದಿ ಮಾಡುತ್ತಾರೆಂಬ ಆತಂಕ ನನಗಿದೆ. ಕೆಲಸ ನಿರಂತರವಾಗಿದ್ದರೆ ನಡುವೆ ತುರುಕಿದ ಎರಡು ದಿನದ ಖಾಲಿಜಾಗವನ್ನು ಕೋರ್ಟು ಅನುಮಾನದಿಂದಲೇ ನೋಡುತ್ತದೆ.

‘ನಾನು ಕಡಿಮೆ ಸಂಬಳಕ್ಕೆ ಒಪ್ಪಿದ್ದೇನೆ’ ಎಂದು ಬರೆಸಿಕೊಂಡರೆ? ಕನಿಷ್ಠ ವೇತನದ ವಿಷಯದಲ್ಲಿ ಒಪ್ಪಿಗೆಗೆ ಬೆಲೆಯಿಲ್ಲ. ವೇತನ ಸಂಹಿತೆಯ ಸೆಕ್ಷನ್ 60ರ ಪ್ರಕಾರ ಸಲ್ಲಬೇಕಾದ ಮೊತ್ತವನ್ನು ಬಿಟ್ಟುಕೊಡುವ ಕರಾರೇ ಶೂನ್ಯ. ಅದಕ್ಕೂ ಹಿಂದೆ, 1982ರಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಾಮಗಾರಿಯ ಕೂಲಿಗಳ ಪ್ರಕರಣದಲ್ಲಿ, ಹಸಿವಿನಿಂದ ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಯುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದು ನ್ಯಾಯಮೂರ್ತಿ ಪಿ.ಎನ್. ಭಗವತಿಯವರ ಪೀಠ ಹೇಳಿತ್ತು. ನಮ್ಮ ನ್ಯಾಯಾಲಯಗಳು ಹೇಳಿದ ಮಾತುಗಳಲ್ಲಿ ಇದಕ್ಕಿಂತ ದೊಡ್ಡದು ಬಹಳಷ್ಟಿಲ್ಲ. ‘ಎರಡು ವರ್ಷ ಮದುವೆಯಾಗುವಂತಿಲ್ಲ, ಗರ್ಭಿಣಿಯಾದರೆ ರಾಜೀನಾಮೆ’ ಎಂಬ ಷರತ್ತುಗಳೂ ಹೀಗೆಯೇ. ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ದುಡಿದ ಮಹಿಳೆಗೆ ಹೆರಿಗೆ ರಜೆ 26 ವಾರದವರೆಗೆ. ಆ ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವುದು ಕಾನೂನುಬಾಹಿರ.

ಇವೆಲ್ಲದರಿಂದ ತಪ್ಪಿಸಿಕೊಳ್ಳಲು ಕೆಲವರು ಹುಡುಕಿರುವ ದಾರಿ ‘ಕನ್ಸಲ್ಟೆಂಟ್’ ಎಂಬ ಹೆಸರು. ಬೆಳಿಗ್ಗೆ ಒಂಬತ್ತಕ್ಕೆ ಬರಬೇಕು, ರಜೆಗೆ ಅನುಮತಿ ಬೇಕು, ಬೇರೆಡೆ ದುಡಿಯುವಂತಿಲ್ಲ. ಕಾಗದದಲ್ಲಿ ಮಾತ್ರ ಸ್ವತಂತ್ರ ಸಲಹೆಗಾರ. ಈ ಹೆಸರಿನಾಟವನ್ನು ನ್ಯಾಯಾಲಯಗಳು ಬಹಳ ಹಿಂದೆಯೇ ಕಂಡಿವೆ. 1956ರಲ್ಲಿ ಧ್ರಾಂಗಧ್ರ ಕೆಮಿಕಲ್ಸ್‌ನ ಉಪ್ಪಿನಗದ್ದೆಗಳಲ್ಲಿ ದುಡಿಯುತ್ತಿದ್ದ ಅಗರಿಯಾ ಜನರನ್ನು ಗುತ್ತಿಗೆದಾರರೆಂದು ಕಂಪನಿ ವಾದಿಸಿತು. ಕೆಲಸದ ಮೇಲೆ ನಿಯಂತ್ರಣ ಯಾರದೆಂದು ನೋಡಿ ಸುಪ್ರೀಂ ಕೋರ್ಟು ಅವರನ್ನು ಕಾರ್ಮಿಕರೆಂದಿತು. 1974ರಲ್ಲಿ ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಪ್ರಕರಣದಲ್ಲಿ ಬೀಡಿ ಕಾರ್ಮಿಕರ ಕಾಯ್ದೆಯನ್ನು ಎತ್ತಿಹಿಡಿದಾಗ, ಮನೆಯ ಜಗಲಿಯಲ್ಲಿ ಕೂತು ಬೀಡಿ ಕಟ್ಟುವ ಹೆಂಗಸರಿಗೂ ಕಾನೂನಿನ ರಕ್ಷಣೆ ಉಳಿಯಿತು. ಕರಾವಳಿಯ ಎಷ್ಟೋ ಮನೆಗಳಲ್ಲಿ ಮಕ್ಕಳ ಓದು ನಡೆದದ್ದು ಆ ಕೂಲಿಯಿಂದ.

ಸಾಫ್ಟ್‌ವೇರ್ ಮತ್ತು ವಿನ್ಯಾಸದ ಸಂಸ್ಥೆಗಳಿಗೆ ಈ ಹೆಸರಿನಲ್ಲಿ ಇನ್ನೊಂದು ಅಪಾಯವಿದೆ, ಅದನ್ನು ಹೇಳುವವರು ಕಡಿಮೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಸೆಕ್ಷನ್ 17ರಂತೆ, ನೌಕರನು ಉದ್ಯೋಗದ ಭಾಗವಾಗಿ ರಚಿಸಿದ ಕೃತಿಯ ಮೊದಲ ಒಡೆಯ ಮಾಲೀಕ. ಸ್ವತಂತ್ರ ಸಲಹೆಗಾರ ಬರೆದ ಪ್ರೋಗ್ರಾಮಿಗೆ ಸಾಮಾನ್ಯವಾಗಿ ಅವನೇ ಒಡೆಯ, ಲಿಖಿತವಾಗಿ ವರ್ಗಾಯಿಸಿಕೊಳ್ಳದ ಹೊರತು. ವರ್ಗಾವಣೆಯ ಪತ್ರದಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷ ಮಾತ್ರ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎನ್ನುತ್ತದೆ ಸೆಕ್ಷನ್ 19. ತಿಂಗಳಿಗೆ ಸಾವಿರದೆಂಟುನೂರು ರೂಪಾಯಿ ಪಿಎಫ್ ಉಳಿಸಲು ಹೋಗಿ ತನ್ನ ಮುಖ್ಯ ಉತ್ಪನ್ನದ ಒಡೆತನವನ್ನೇ ಅನಿಶ್ಚಿತ ಮಾಡಿಕೊಂಡ ಕಂಪನಿಗೆ, ಹೂಡಿಕೆದಾರರು ಕಾಗದಪತ್ರ ಕೇಳಿದ ದಿನ ಉತ್ತರ ಸಿಗುವುದಿಲ್ಲ.

ಕೆಲಸದಿಂದ ತೆಗೆಯುವ ಮಾತಿಗೆ ಬರೋಣ. ‘ಯಾವುದೇ ಕಾರಣ ನೀಡದೆ ಯಾವಾಗ ಬೇಕಾದರೂ ಸೇವೆ ಕೊನೆಗೊಳಿಸಬಹುದು’ ಎಂಬ ಸಾಲು ಅಮೆರಿಕದ ಮಾದರಿ ಒಪ್ಪಂದಗಳಿಂದ ಇಳಿದುಬಂದದ್ದು. ಇಲ್ಲಿ ಅದರ ಕೆಳಗೆ ಕಾನೂನಿನ ನೆಲವಿದೆ. 1986ರಲ್ಲಿ ಸೆಂಟ್ರಲ್ ಇನ್‌ಲ್ಯಾಂಡ್ ವಾಟರ್ ಟ್ರಾನ್ಸ್‌ಪೋರ್ಟ್ ಎಂಬ ಸರ್ಕಾರಿ ಕಂಪನಿಯ ಇಂಥದ್ದೇ ಮೂರು ತಿಂಗಳ ನೋಟಿಸಿನ ನಿಯಮವನ್ನು, ಸಮಬಲರಲ್ಲದವರ ನಡುವಿನ ಅನ್ಯಾಯದ ಷರತ್ತೆಂದು ಸುಪ್ರೀಂ ಕೋರ್ಟು ಹೊಡೆದುಹಾಕಿತು. ಖಾಸಗಿಯವರಿಗೆ ಬೇರೆ ಕಾಯ್ದೆಗಳಿವೆ. ಕರ್ನಾಟಕದ ಅಂಗಡಿ ಕಾಯ್ದೆಯ ಸೆಕ್ಷನ್ 39ರಂತೆ ಆರು ತಿಂಗಳು ಸತತ ದುಡಿದವರನ್ನು ತೆಗೆಯಲು ಯುಕ್ತ ಕಾರಣವೂ ಬೇಕು, ಒಂದು ತಿಂಗಳ ನೋಟಿಸ್ ಅಥವಾ ಅಷ್ಟು ವೇತನವೂ ಬೇಕು. ದುರ್ನಡತೆಯಾದರೆ ನೋಟಿಸ್ ಬೇಡ, ಆದರೆ ವಿಚಾರಣೆ ನಡೆಸಿ ಸಾಬೀತುಪಡಿಸಿರಬೇಕು. ಖಾಸಗಿ ಶಾಲೆಗಳ ಆಡಳಿತ ಮಂಡಳಿಗಳಿಗೆ ಕರ್ನಾಟಕ ಶಿಕ್ಷಣ ಕಾಯ್ದೆಯ ಸೆಕ್ಷನ್ 92 ಇದೆ; ವಿಚಾರಣೆಯಿಲ್ಲದೆ ಶಿಕ್ಷಕರನ್ನು ವಜಾ ಮಾಡಿದರೆ ಅವರು ಸೆಕ್ಷನ್ 94ರಡಿ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಕಾರ್ಮಿಕ ವರ್ಗಕ್ಕೆ ಸೇರಿದವರನ್ನು ಹೆಚ್ಚುವರಿಯೆಂದು ತೆಗೆದರೆ ತಿಂಗಳ ನೋಟಿಸಿನ ಜೊತೆಗೆ ಪ್ರತಿ ವರ್ಷದ ಸೇವೆಗೆ ಹದಿನೈದು ದಿನದ ಸರಾಸರಿ ವೇತನ ಕೊಡಬೇಕೆಂಬ ಹಳೆಯ ನಿಯಮ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಮುಂದುವರಿದಿದೆ.

ನನ್ನನ್ನು ಹೆಚ್ಚು ಕಾಡುವುದು ಕೊನೆಯ ಲೆಕ್ಕ. ಕೆಲಸ ಬಿಟ್ಟವರ ಸೆಟಲ್‌ಮೆಂಟನ್ನು ತಿಂಗಳುಗಟ್ಟಲೆ ಎಳೆಯುವುದು, ರಿಲೀವಿಂಗ್ ಲೆಟರ್ ಕೊಡದೆ ಸತಾಯಿಸುವುದು ಎಷ್ಟೋ ಕಡೆ ಹೆಚ್.ಆರ್. ವಿಭಾಗದ ಅಲಿಖಿತ ನೀತಿ. ಬಾಡಿಗೆ, ಸಾಲದ ಕಂತು ಹೊತ್ತ ಮನುಷ್ಯನಿಗೆ ಆ ಎರಡು ತಿಂಗಳು ಏನೆಂಬುದು ಸಂಬಳ ನಂಬಿ ಬದುಕಿದವರಿಗೆ ಗೊತ್ತು. ವೇತನ ಸಂಹಿತೆಯ ಸೆಕ್ಷನ್ 17 ಈಗ ಎರಡು ಕೆಲಸದ ದಿನಗಳ ಗಡುವು ಹಾಕಿದೆ. ತೆಗೆದರೂ ಅಷ್ಟೇ, ತಾನಾಗಿ ರಾಜೀನಾಮೆ ಕೊಟ್ಟರೂ ಅಷ್ಟೇ. ನೇಮಕ ಪತ್ರದಲ್ಲಿ ‘45 ದಿನದೊಳಗೆ ಅಂತಿಮ ಲೆಕ್ಕ’ ಎಂಬ ಹಳೆಯ ಸಾಲಿದ್ದರೆ ಇಂದೇ ತಿದ್ದಿಕೊಳ್ಳಿ.

ಒಪ್ಪಂದದ ಕೊನೆಯ ಪುಟದಲ್ಲಿ ಯಾರೂ ಓದದ ಒಂದು ಷರತ್ತಿರುತ್ತದೆ: ವ್ಯಾಜ್ಯಗಳು ಇಂಥ ಊರಿನ ನ್ಯಾಯಾಲಯದಲ್ಲಿ ಮಾತ್ರ. 2025ರ ಏಪ್ರಿಲ್‌ನಲ್ಲಿ ಎಚ್‌ಡಿಎಫ್‌ಸಿ ಬ್ಯಾಂಕಿನ ಪ್ರಕರಣದಲ್ಲಿ, ಬೇರೆ ಊರುಗಳಲ್ಲಿ ದುಡಿದ ನೌಕರರೂ ಒಪ್ಪಂದದಲ್ಲಿ ಬರೆದಂತೆ ಮುಂಬೈಯಲ್ಲೇ ಸಿವಿಲ್ ದಾವೆ ಹೂಡಬೇಕೆಂದು ಸುಪ್ರೀಂ ಕೋರ್ಟು ಹೇಳಿತು. ಕಾನೂನಿಗೆ ಅದು ಸರಿ. ಆದರೂ ಕೇಳಬೇಕೆನಿಸುತ್ತದೆ: ಕಲಬುರಗಿಯ ಶಾಖೆಯಲ್ಲಿ ಕೆಲಸ ಮಾಡುವವರಿಗೆ ಕಲಬುರಗಿಯ ಕೋರ್ಟು ಎಂದು ಬರೆದರೆ ಕಂಪನಿ ಕಳೆದುಕೊಳ್ಳುವುದೇನು?

ಇನ್ನು ಭಾಷೆ. ಎಸ್ಸೆಸ್ಸೆಲ್ಸಿಯವರೆಗೆ ಕನ್ನಡದಲ್ಲಿ ಓದಿ ಕೆಲಸಕ್ಕೆ ಬಂದ ಹುಡುಗಿಯ ಮುಂದೆ ಹದಿನಾಲ್ಕು ಪುಟದ ಇಂಗ್ಲಿಷ್ ಒಪ್ಪಂದ ಇಟ್ಟು ‘ಇಲ್ಲಿ ಸೈನ್ ಮಾಡಮ್ಮ’ ಎನ್ನುವುದು ನಮ್ಮಲ್ಲಿ ನಿತ್ಯದ ಸಂಗತಿ. ಕರ್ನಾಟಕದ ಗಿಗ್ ಕಾರ್ಮಿಕರ 2025ರ ಕಾಯ್ದೆ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿಟ್ಟಿದೆ: ಡೆಲಿವರಿ ಹುಡುಗರ, ಕ್ಯಾಬ್ ಚಾಲಕರ ಕರಾರು ಸರಳ ಭಾಷೆಯಲ್ಲಿ, ಅವರು ಬಲ್ಲ ನುಡಿಯಲ್ಲಿ ಇರಬೇಕು, ಷರತ್ತು ಬದಲಿಸುವುದಾದರೆ 14 ದಿನ ಮುಂಚೆ ತಿಳಿಸಬೇಕು. ಡೆಲಿವರಿ ಹುಡುಗನಿಗೆ ಸಿಕ್ಕ ಈ ಹಕ್ಕು ಗಾರ್ಮೆಂಟ್ಸ್‌ನ ಹೆಣ್ಣುಮಕ್ಕಳಿಗೂ ಅಂಗಡಿಯ ಸೇಲ್ಸ್‌ಮನ್‌ಗೂ ಸಿಗಬೇಕು. ಕಾಯ್ದೆ ಬರುವ ಮುಂಚೆಯೇ ಮಾಲೀಕರು ಕೊಡಬಹುದು. ಎರಡು ಪುಟದ ಕನ್ನಡ ಪತ್ರ ಸಾಕು. ಹುದ್ದೆ, ಸಂಬಳದ ಪೂರ್ತಿ ವಿಭಜನೆ, ಕೆಲಸದ ವೇಳೆ, ರಜೆ, ಪ್ರೊಬೇಷನ್, ಎರಡೂ ಕಡೆಗೆ ಒಂದೇ ಅಳತೆಯ ನೋಟಿಸ್ ಅವಧಿ, ತರಬೇತಿಯ ಖರ್ಚಿದ್ದರೆ ಅದರ ಲೆಕ್ಕ, ಗೋಪ್ಯವಾದದ್ದರ ಹೆಸರು, ದೂರು ಹೇಳಬೇಕಾದ ವ್ಯಕ್ತಿ. ಸಹಿಗೆ ಮುನ್ನ ಪತ್ರವನ್ನು ಮನೆಗೆ ಒಯ್ದು ಓದಲು ಎರಡು ದಿನ ಬಿಡಿ, ಒಂದು ಪ್ರತಿ ಅವರ ಕೈಯಲ್ಲಿರಲಿ. ನಾಳೆ ಕೋರ್ಟಿನಲ್ಲಿ ‘ಒತ್ತಾಯದಿಂದ ಸಹಿ ಹಾಕಿಸಿಕೊಂಡರು’ ಎಂಬ ಮಾತು ಬಂದಾಗ ಆ ಎರಡು ದಿನವೇ ನಿಮ್ಮ ಸಾಕ್ಷಿ. ಇಂಗ್ಲಿಷ್ ಪ್ರತಿಯೂ ಇದ್ದರೆ, ಎರಡರ ನಡುವೆ ವ್ಯತ್ಯಾಸ ಬಂದಾಗ ಯಾವುದು ಅಂತಿಮವೆಂದು ಅದರಲ್ಲೇ ಬರೆದಿಡಿ. ಬರೆಯದೆ ಬಿಟ್ಟ ಗೊಂದಲವನ್ನು ನ್ಯಾಯಾಲಯಗಳು ಸಾಮಾನ್ಯವಾಗಿ ಕರಾರು ಸಿದ್ಧಪಡಿಸಿದವರ ವಿರುದ್ಧವೇ ಅರ್ಥೈಸುತ್ತವೆ.